ಜಪಾನಿನ ಸೂಜಿ, ದೊಡ್ಡಪ್ಪನ ಪ್ರಶ್ನೆ

ಐದನೇ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ ಮುಗಿದ ಸಂಜೆ ತಿಪಟೂರಿನಿಂದ ದೊಡ್ಡಪ್ಪ ಫೋನ್ ಮಾಡಿದರು. ಅವರು ಸುಮ್ಮನೆ ಫೋನ್ ಮಾಡುವವರಲ್ಲ. 'ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳ್ಸಿದೀನಿ, ನೋಡವ್ವ. ನೀನು ಇಂಜಿನಿಯರಿಂಗು ಓದ್ತಿದೀಯ, ಜಪಾನಿ ಭಾಷೆ ಬೇರೆ ಕಲೀತಿದೀಯಂತೆ. ಇದು ನಿಜವೋ ಸುಳ್ಳೋ ನೋಡಿ ಹೇಳು. ನಾನು ನೀನು ಹೇಳ್ದಂಗೆ ಮಾಡ್ತೀನಿ' ಎಂದರು.

ಫೋಟೊದಲ್ಲಿದ್ದದ್ದು ಒಂದು ಜಾಹೀರಾತು. ಮೇಲೆ ಕೆಂಪು ಸೂರ್ಯ, ಕೆಳಗೆ 'ಜಪಾನಿ ಶೈಲಿಯ ಅಕ್ಯುಪಂಕ್ಚರ್' ಎಂಬ ದಪ್ಪಕ್ಷರ. ಅದರ ಕೆಳಗೆ ಕಿರಾಣಿ ಅಂಗಡಿ ಚೀಟಿಯಂಥ ಪಟ್ಟಿ: ತಲೆಗೆ ಬಿದ್ದ ಪೆಟ್ಟು, ಮರೆವು, ಕತ್ತು ನೋವು, ಆಪರೇಷನ್ ಕಲೆ, ಫಿಟ್ಸ್. ದೊಡ್ಡಪ್ಪ ಆಗಲೇ ಅವರಿಗೆ ಫೋನ್ ಮಾಡಿಯೂ ಆಗಿತ್ತು. ಮೂವತ್ತು ಸಿಟ್ಟಿಂಗ್, ಒಂದಕ್ಕೆ 1,500 ರೂಪಾಯಿ. 'ಫಿಟ್ಸ್ ಮಾತ್ರೇನೂ ನಿಧಾನಕ್ಕೆ ನಿಲ್ಲಿಸಬಹುದಂತೆ' ಎಂದರು. ಆ ಮಾತು ಹೇಳುವಾಗ ಅವರ ದನಿಯಲ್ಲಿ ಎಂಟು ತಿಂಗಳಿನಿಂದ ಕೇಳದಿದ್ದ ಒಂದು ಹುರುಪು ಇತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ.

ದೊಡ್ಡಪ್ಪನ ಮಗ, ನನ್ನ ಅಣ್ಣ, ಎಂಟು ತಿಂಗಳ ಹಿಂದೆ ರಾತ್ರಿ ಹೈವೇಯಲ್ಲಿ ಬೈಕಿನಿಂದ ಬಿದ್ದ. ತಲೆಯೊಳಗೆ ರಕ್ತಸ್ರಾವ. ಮಿದುಳು ಊದಿಕೊಂಡಿದ್ದರಿಂದ ತಲೆಬುರುಡೆಯ ಎಡಭಾಗದ ಒಂದು ತುಂಡು ಮೂಳೆ ತೆಗೆದು, ಅದು ಹಾಳಾಗದಿರಲಿ ಎಂದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದರು. ಮೂರು ತಿಂಗಳ ನಂತರ ಅದನ್ನು ಮತ್ತೆ ತಲೆಯಲ್ಲಿ ಕೂರಿಸಿ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿದರು. ಈಗ ಅವನಿಗೆ ಎರಡು ಕಲೆಗಳಿವೆ. ಹೊಟ್ಟೆಯ ಮೇಲೆ ಒಂದು ಗೆರೆ, ತಲೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯಂಥ ಇನ್ನೊಂದು. ನಡೆಯುತ್ತಾನೆ, ಊಟ ಮಾಡುತ್ತಾನೆ, ನಗುತ್ತಾನೆ. ಆದರೆ ಕತ್ತು ಬಿಗಿದುಕೊಂಡಿರುತ್ತದೆ, ಬೇಕಾದ ಮಾತು ಬಾಯಿಗೆ ಬರುವುದಿಲ್ಲ. 'ಚಮಚ' ಎನ್ನಲು ಹೋಗಿ 'ಅದು... ತಿನ್ನೋದು' ಎನ್ನುತ್ತಾನೆ. ಆ ಜಾಹೀರಾತಿನ ಪಟ್ಟಿ ಅವನೊಬ್ಬನನ್ನೇ ನೋಡಿ ಬರೆದಂತಿತ್ತು.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿನಿ, ಡಾಕ್ಟರಲ್ಲ. ಜಪಾನಿಗೆ ಹೋಗಿ ಕೆಲಸ ಮಾಡುವ ಆಸೆಯಿಂದ ಶನಿವಾರ, ಭಾನುವಾರ ಭಾಷಾ ತರಗತಿಗೆ ಹೋಗುತ್ತೇನೆ. ಕಲಿಸುವ ಮೇಡಂ, ಅಂದರೆ ನಮ್ಮ ಸೆನ್ಸೇ, ಕನ್ನಡದವರೇ. ಗಂಡನ ಕೆಲಸದಿಂದಾಗಿ ಹಲವು ವರ್ಷ ನಗೋಯಾದಲ್ಲಿದ್ದರು. ಅವರಿಗೆ ಫೋಟೊ ತೋರಿಸಿದೆ. 'ಸೂಜಿ ಚುಚ್ಚಿಸಿಕೊಂಡಿದ್ದೀನಮ್ಮ ನಾನೂ' ಎಂದು ಕುರ್ಚಿ ಎಳೆದುಕೊಂಡು ಕೂತರು.

ಸಿಗ್ನಲಿನಲ್ಲಿ ನಿಂತಿದ್ದ ಅವರ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತ್ತು. ಕತ್ತು ಹಿಂದಕ್ಕೂ ಮುಂದಕ್ಕೂ ಎಗರಿ ಉಳುಕಿತು. ಇದಕ್ಕೆ ಜಪಾನಿನಲ್ಲಿ 'ಮುಚಿ ಉಚಿ' ಎನ್ನುತ್ತಾರೆ, ಚಾಟಿ ಏಟು ಎಂದರ್ಥ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಔಷಧ ಕೊಟ್ಟು, ಕೆಲವು ವಾರಗಳ ನಂತರವೂ ನೋವು ಹೋಗದಿದ್ದಾಗ ಒಂದು ಒಪ್ಪಿಗೆ ಪತ್ರ ಬರೆದುಕೊಟ್ಟರಂತೆ. ಅದನ್ನು ಹಿಡಿದು ಸ್ಟೇಷನ್ ಪಕ್ಕದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದರು. ಅಲ್ಲಿದ್ದವರು ಕಣ್ಣು ಬಹಳ ಮಂದವಾಗಿದ್ದ ಒಬ್ಬ ವಯಸ್ಸಾದ ಮನುಷ್ಯ.

'ಅವರು ನನ್ನ ಕತ್ತು ಮುಟ್ಟಿದ್ದು ಕೊನೆಗೆ. ಮೊದಲು ನಾಡಿ, ಆಮೇಲೆ ಹೊಟ್ಟೆ, ಆಮೇಲೆ ಕಾಲು. ಹೊಟ್ಟೆ ಒತ್ತುವಾಗ ಬಟ್ಟೆ ಮೇಲಿನಿಂದಲೇ ಸಿಸೇರಿಯನ್ ಹೊಲಿಗೆ ಬೆರಳಿಗೆ ಸಿಕ್ಕಿತು. ಎಷ್ಟು ವರ್ಷ ಆಯ್ತು, ಚಳಿಗೆ ಎಳೆಯುತ್ತಾ ಎಂದು ಕೇಳಿದರು. ಸೂಜಿ ಹಾಕಿದ್ದು ಗೊತ್ತೇ ಆಗಲಿಲ್ಲ. ಟಕ್ ಟಕ್ ಅಂತ ಒಂದು ಸಣ್ಣ ಸದ್ದು, ಅಷ್ಟೆ.'

ಆ ಟಕ್ ಟಕ್ ಸದ್ದಿನ ಹಿಂದೆ ಒಂದು ಕತೆಯಿದೆ. ಅದನ್ನು ಹುಡುಕುತ್ತಾ ಹೋಗಿ ನಾನು ಎರಡು ರಾತ್ರಿ ನಿದ್ದೆ ಕಳೆದುಕೊಂಡೆ. ದೊಡ್ಡಪ್ಪನ ಪ್ರಶ್ನೆಗೆ ಅದರಿಂದ ನೇರ ಉತ್ತರ ಸಿಗಲಿಲ್ಲ ನಿಜ. ಆದರೂ ಹೇಳದಿರಲಾರೆ.

ಸೂಜಿ ಚಿಕಿತ್ಸೆ ಜಪಾನಿನದಲ್ಲ. ಚೀನಾದಿಂದ ಕೊರಿಯಾದ ದಾರಿಯಾಗಿ 6ನೇ ಶತಮಾನದಲ್ಲಿ ಅಲ್ಲಿಗೆ ಬಂದದ್ದು. ಅದು ಜಪಾನಿನದೇ ಆದದ್ದು ಸುಗಿಯಾಮಾ ವಾಯಿಚಿ ಎಂಬ ಕುರುಡನಿಂದ. 1610ರಲ್ಲಿ ಸಮುರಾಯ್ ಮನೆತನದಲ್ಲಿ ಹುಟ್ಟಿದ ಇವನಿಗೆ ಬಾಲ್ಯದಲ್ಲೇ ಕಣ್ಣು ಹೋಯಿತು. ಖಡ್ಗ ಹಿಡಿಯುವಂತಿಲ್ಲವಲ್ಲ, ಸೂಜಿಯಾದರೂ ಹಿಡಿಯೋಣವೆಂದು ಎಡೋ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ ಬಂದ. ನೆನಪಿನ ಶಕ್ತಿ ಸಾಲದು, ಕೈ ಒರಟು ಎಂದು ಗುರು ಹೊರಗೆ ಹಾಕಿದರಂತೆ. ಬ್ಯಾಕ್‌ಲಾಗ್ ಇರುವ ನಮ್ಮಂಥವರಿಗೆ ಇವನು ಹತ್ತಿರದವನು ಅನಿಸುವುದು ಇಲ್ಲಿಯೇ.

ದಂತಕತೆಯ ಪ್ರಕಾರ ಅವನು ಎನೋಶಿಮಾ ಎಂಬ ದ್ವೀಪಕ್ಕೆ ಹೋಗಿ ಅಲ್ಲಿಯ ಗುಹೆಯಲ್ಲಿ ಬೆನ್‌ಜೈಟೆನ್ ದೇವಿಯ ಮುಂದೆ ಉಪವಾಸ ಕೂತ. ಬೆನ್‌ಜೈಟೆನ್ ಎಂದರೆ ಬೇರೆ ಯಾರೂ ಅಲ್ಲ, ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ನಮ್ಮ ಸರಸ್ವತಿ. ವ್ರತ ಮುಗಿಸಿ ಬರುವಾಗ ಕಲ್ಲಿಗೆ ಎಡವಿ ಬಿದ್ದ. ಕಾಲಿಗೆ ಏನೋ ಚುಚ್ಚಿತು. ಮುಟ್ಟಿ ನೋಡಿದರೆ ಒಂದು ಕೊಳವೆ, ಅದರೊಳಗೆ ಪೈನ್ ಮರದ ಸೂಜಿಯೆಲೆ. ಆ ಕಲ್ಲನ್ನು ಎನೋಶಿಮಾದಲ್ಲಿ ಈಗಲೂ ತೋರಿಸುತ್ತಾರೆ. ಸೂಜಿಯನ್ನು ಸಣ್ಣ ಕೊಳವೆಯೊಳಗೆ ಇಟ್ಟು, ಹೊರಗೆ ಕಾಣುವ ಕೆಲವೇ ಮಿಲಿಮೀಟರ್ ತುದಿಯನ್ನು ಬೆರಳಿನಿಂದ ತಟ್ಟುವ ವಿಧಾನ ಅವನಿಂದ ಹರಡಿತು. ಕತೆ ಎಷ್ಟು ನಿಜವೋ, ಕೊಳವೆ ಮಾತ್ರ ನಿಜ. ಇಂದು ಜಪಾನಿನಲ್ಲಷ್ಟೇ ಅಲ್ಲ, ಜಗತ್ತಿನ ಬಹಳ ಕಡೆ ಸೂಜಿಯ ಜೊತೆಗೆ ಪ್ಲಾಸ್ಟಿಕ್ ಕೊಳವೆ ಬರುತ್ತದೆ.

ಮೆಕ್ಯಾನಿಕಲ್ ಓದುವವಳಿಗೆ ಈ ಕೊಳವೆ ಬರೀ ಕೊಳವೆಯಲ್ಲ. ಉದ್ದನೆಯ ತೆಳು ಕಂಬದ ಮೇಲೆ ಭಾರ ಹಾಕಿದರೆ ಅದು ಮುರಿಯುವ ಮುಂಚೆಯೇ ಪಕ್ಕಕ್ಕೆ ಬಾಗುತ್ತದೆ. ಆಯ್ಲರ್ ಸೂತ್ರ ಎಂದು ಪರೀಕ್ಷೆಗೆ ಉರು ಹೊಡೆದಿರುತ್ತೇವೆ. ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದು ವ್ಯಾಸದ ನಾಲ್ಕನೇ ಘಾತವನ್ನು ಅವಲಂಬಿಸಿದೆ. ಜಪಾನಿನಲ್ಲಿ ಒಂದನೇ ನಂಬರಿನ ಸೂಜಿ 0.16 ಮಿಲಿಮೀಟರ್ ದಪ್ಪ. ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ಬಳಸುವ 23 ಗೇಜಿನ ಸೂಜಿ ಸುಮಾರು 0.64, ಅಂದರೆ ನಾಲ್ಕು ಪಟ್ಟು. 0.30 ಮಿಲಿಮೀಟರಿನ ಅಕ್ಯುಪಂಕ್ಚರ್ ಸೂಜಿಯ ಜೊತೆ ಲೆಕ್ಕ ಹಾಕಿದರೂ 0.16ರ ಸೂಜಿ ಅದರ ಹನ್ನೆರಡನೇ ಒಂದು ಭಾಗದಷ್ಟು ಒತ್ತಡಕ್ಕೇ ಬಾಗಿಹೋಗುತ್ತದೆ. ಬರಿಗೈಯಲ್ಲಿ ಚುಚ್ಚುವುದು ಕಷ್ಟ. ಕೊಳವೆ ಸುತ್ತ ಹಿಡಿದುಕೊಂಡಾಗ ಸೂಜಿಗೆ ಪಕ್ಕಕ್ಕೆ ಬಾಗಲು ಜಾಗವೇ ಇರುವುದಿಲ್ಲ. ಕೊಳವೆಯ ಅಂಚು ಚರ್ಮವನ್ನು ಒತ್ತಿ ಹಿಡಿದಿರುವುದರಿಂದ ಚುಚ್ಚಿದ ನೋವೂ ಅಷ್ಟಾಗಿ ತಿಳಿಯುವುದಿಲ್ಲ. ಆಯ್ಲರ್ ಹುಟ್ಟಿದ್ದು 1707ರಲ್ಲಿ. ಸುಗಿಯಾಮಾ ತೀರಿಕೊಂಡದ್ದು 1694ರಲ್ಲಿ. ಸೂತ್ರ ಬರುವ ಮೊದಲೇ ಕೆಲಸ ಆಗಿತ್ತು.

ಶೋಗುನ್ ತ್ಸುನಯೋಶಿಗೆ ಚಿಕಿತ್ಸೆ ಕೊಟ್ಟಾಗ 'ಏನು ಬೇಕು ಕೇಳು' ಎಂದನಂತೆ. 'ಒಂದು ಕಣ್ಣು ಸಿಕ್ಕರೆ ಸಾಕು' ಎಂದ ಸುಗಿಯಾಮಾ. ಕಣ್ಣು ಕೊಡಲಾಗದ ಶೋಗುನ್ 'ಹಿತೋತ್ಸುಮೆ' ಎಂಬ ಹೆಸರಿನ ಜಾಗ ಕೊಟ್ಟ. ಆ ಪದಕ್ಕೆ 'ಮೊದಲನೆಯದು' ಎಂದೂ 'ಒಂದು ಕಣ್ಣು' ಎಂದೂ ಅರ್ಥ ಹೊರಡುತ್ತದೆ. ಟೋಕಿಯೊದ ಸುಮಿದಾ ವಾರ್ಡಿನಲ್ಲಿ, ಸುಮೊ ಕುಸ್ತಿಗೆ ಹೆಸರಾದ ರ‍್ಯೊಗೊಕು ಹತ್ತಿರ, ಅದೇ ಜಾಗದಲ್ಲಿ ಇಂದಿಗೂ ಅವನ ಹೆಸರಿನ ದೇಗುಲವಿದೆ. ಕುರುಡರಿಗೆ ಸೂಜಿ ಚಿಕಿತ್ಸೆ ಕಲಿಸಲು ಅವನು ಶಾಲೆ ನಡೆಸಿದ. ಪ್ಯಾರಿಸ್ಸಿನಲ್ಲಿ ವ್ಯಾಲೆಂಟಿನ್ ಹಾವಿ ಅಂಧರ ಶಾಲೆ ತೆರೆಯುವುದಕ್ಕೆ ಸುಮಾರು ನೂರು ವರ್ಷ ಮೊದಲಿನ ಮಾತಿದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಆಡಳಿತ ಸೂಜಿ ಚಿಕಿತ್ಸೆಯನ್ನೇ ನಿಲ್ಲಿಸಲು ಹೊರಟಾಗ ಬೀದಿಗಿಳಿದವರಲ್ಲಿ ಅಂಧ ಚಿಕಿತ್ಸಕರೂ ಇದ್ದರು. ಅವರಿಗೆ ಅದು ಸಂಸ್ಕೃತಿಯ ಪ್ರಶ್ನೆಗಿಂತ ಅನ್ನದ ಪ್ರಶ್ನೆಯಾಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಕಾಯ್ದೆ ಬಂತು, ವೃತ್ತಿ ಉಳಿಯಿತು. ಈಗ ಕನಿಷ್ಠ ಮೂರು ವರ್ಷ ಓದಿ ರಾಷ್ಟ್ರ ಮಟ್ಟದ ಪರೀಕ್ಷೆ ಪಾಸು ಮಾಡಬೇಕು. ಸೂಜಿಗೆ ಒಂದು ಲೈಸೆನ್ಸ್, ಸೊಪ್ಪಿನ ಕಾವು ಕೊಡುವುದಕ್ಕೆ ಇನ್ನೊಂದು.

ಸೊಪ್ಪೆಂದರೆ ಯೊಮೊಗಿ ಎಂಬ ಗಿಡ, ಗಣೇಶನ ಪೂಜೆಗೆ ತರುವ ನಮ್ಮ ಮಾಚಿಪತ್ರೆಯ ಬಳಗದ್ದು. ಒಣಗಿಸಿ ಕುಟ್ಟಿ ಹತ್ತಿಯಂತೆ ಮಾಡಿ, ಅಕ್ಕಿಕಾಳಿನಷ್ಟು ಚರ್ಮದ ಮೇಲಿಟ್ಟು ಊದುಬತ್ತಿಯಿಂದ ಹಚ್ಚುತ್ತಾರೆ. ಇದನ್ನು ಕೇಳಿ ದೊಡ್ಡಪ್ಪ, 'ನಮ್ಮಲ್ಲಿ ಬರೆ ಹಾಕ್ತಿದ್ರಲ್ಲ, ಹಂಗೋ?' ಎಂದು ಕೇಳಿದರು. ಬಹಳ ದೂರದ ನೆಂಟಸ್ತಿಕೆ ಇರಬಹುದು.

ಕಣ್ಣಿಲ್ಲದವರ ಕೈಯಲ್ಲಿ ಬೆಳೆದದ್ದರಿಂದಲೋ ಏನೋ, ಜಪಾನಿ ಪದ್ಧತಿಯಲ್ಲಿ ಸೂಜಿಗಿಂತ ಬೆರಳು ಮುಖ್ಯ. ಚುಚ್ಚುವ ಕೈಗೆ ಒಂದು ಹೆಸರು, ಚರ್ಮವನ್ನು ಒತ್ತಿ ಹುಡುಕುವ ಕೈಗೆ ಇನ್ನೊಂದು ಹೆಸರು. ಎರಡನೆಯದು 'ಓಶಿದೆ'. ನಗಾನೊ ಕಿಯೊಶಿ ಎಂಬ ಚಿಕಿತ್ಸಕರಿಂದ ಕಲಿತು ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಹೆಸರು ಮಾಡಿದ ಕಿಯಿಕೊ ಮತ್ಸುಮೊಟೊ ಅವರ ಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ಕತ್ತಿನಲ್ಲೋ ಹೊಟ್ಟೆಯಲ್ಲೋ ಒತ್ತಿದರೆ ನೋಯುವ ಜಾಗ ಹುಡುಕುವುದು, ಆಮೇಲೆ ಕಾಲಿನಲ್ಲೋ ಕೈಯಲ್ಲೋ ಇನ್ನೊಂದು ಬಿಂದು ಒತ್ತಿ 'ಈಗ ಕತ್ತಿನ ನೋವು ಕಡಿಮೆಯಾಯ್ತಾ' ಎಂದು ಕೇಳುವುದು. ಆದರೆ ಅಲ್ಲಿ ಸೂಜಿ, ಆಗದಿದ್ದರೆ ಬೇರೆ ಬಿಂದು. ಅವರು ಹಳೆಯ ಹೊಲಿಗೆಗಳನ್ನೂ ತಲೆಗೆ ಬಿದ್ದ ಹಳೆಯ ಪೆಟ್ಟುಗಳನ್ನೂ ಕೇಳಿ ತಿಳಿದುಕೊಳ್ಳುತ್ತಾರೆ. ಕತ್ತು ನೋವಿನ ಮೂಲ ಹೊಟ್ಟೆಯ ಮೇಲಿನ ಹಳೆಯ ಕಲೆಯಲ್ಲಿರಬಹುದು ಎಂಬ ನಂಬಿಕೆ ಈ ಪಂಥದ್ದು. ಜಾಹೀರಾತಿನ ಪಟ್ಟಿಯಲ್ಲಿ ತಲೆ, ಕತ್ತು, ಕಲೆ ಮೂರೂ ಒಟ್ಟಿಗೆ ಯಾಕಿದ್ದವು ಎಂಬುದು ನನಗೆ ಅರ್ಥವಾದದ್ದು ಆಗ. ಅದು ಸಂಪೂರ್ಣ ಕಟ್ಟುಕತೆಯಲ್ಲ. ನಿಜವಾದ ಒಂದು ಪದ್ಧತಿಯಿಂದ ಕಿತ್ತು ತಂದ ತುಂಡು.

ಕೇಳಿ ನೋಡುವುದು, ಸರಿಪಡಿಸುವುದು, ಮತ್ತೆ ಕೇಳುವುದು: ಇದರಲ್ಲಿ ಇಂಜಿನಿಯರಿಗೆ ಇಷ್ಟವಾಗುವಂಥದ್ದು ಬಹಳ ಇದೆ. ಹಾಗೆಂದು ಎಲ್ಲವನ್ನೂ ನುಂಗಲು ನನಗಾಗಲಿಲ್ಲ. ಮನಾಕಾ ಯೊಶಿಯೊ ಎಂಬ ಜಪಾನಿ ವೈದ್ಯರು ಎರಡು ಸೂಜಿಗಳ ನಡುವೆ ಡಯೋಡ್ ಇರುವ ತಾಮ್ರದ ತಂತಿ ಕಟ್ಟುವ ವಿಧಾನ ತಂದರು. ಬ್ಯಾಟರಿ ಇಲ್ಲ, ದೇಹದ್ದೇ ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿಯುತ್ತದಂತೆ. ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಾನಿಕ್ಸ್ ನೆನಪಿರುವ ಯಾರಿಗೇ ಆದರೂ ಇಲ್ಲಿ ಅನುಮಾನ ಬರಬೇಕು. ಕೆಲವೇ ಮಿಲಿವೋಲ್ಟಿನಲ್ಲಿ ಡಯೋಡು ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತದೆ. ಇದನ್ನು ಸೆನ್ಸೇಗೆ ಹೇಳಿದಾಗ ಅವರು ನಕ್ಕು, 'ನಮ್ಮ ಅಜ್ಜ ತಂತಿಗಿಂತ ಬೆರಳನ್ನೇ ನಂಬಿದ್ದರು ಬಿಡು' ಎಂದರು.

ಸೆನ್ಸೇಗೆ ಏನಾಯಿತು? 'ಕತ್ತು ಎರಡು ತಿಂಗಳಲ್ಲಿ ಸಡಿಲ ಆಯ್ತು. ಸೂಜಿಯಿಂದಲೋ, ತಾನಾಗೇ ಆಗೋದಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ಹೊಲಿಗೆ ಸುತ್ತ ಬಹಳ ಮೇಲೆ ಮೇಲೆ, ಚರ್ಮಕ್ಕಷ್ಟೇ ತಾಗುವಂತೆ ಸೂಜಿ ಹಾಕಿದರು. ಎಳೆತ ಕಡಿಮೆಯಾಯ್ತು. ಜೋಮು ಇವತ್ತಿಗೂ ಹಾಗೇ ಇದೆ' ಎಂದರು. ಇಷ್ಟು ಪ್ರಾಮಾಣಿಕವಾದ ಸಾಕ್ಷಿ ನನಗೆ ಬೇರೆಲ್ಲೂ ಸಿಗಲಿಲ್ಲ.

ಒಬ್ಬರ ಅನುಭವ ಸಾಲದಲ್ಲ. ಹಾಗಾಗಿ ಪ್ರಯೋಗಗಳನ್ನು ಹುಡುಕಿದೆ. ಸೂಜಿಯನ್ನು ಪರೀಕ್ಷಿಸುವುದು ಮಾತ್ರೆ ಪರೀಕ್ಷಿಸಿದಷ್ಟು ಸುಲಭವಲ್ಲ. ಸಕ್ಕರೆ ಮಾತ್ರೆ ಕೊಟ್ಟು ಮೋಸ ಮಾಡಬಹುದು, ಸೂಜಿ ಚುಚ್ಚಿದಂತೆ ಹೇಗೆ ನಟಿಸುವುದು? ಟೋಕಿಯೊದ ತಕಾಕುರಾ ನೊಬುಆರಿ ಮತ್ತು ಯಾಜಿಮಾ ಹಿರೊಯೊಶಿ ಇದಕ್ಕೂ ಕೊಳವೆಯನ್ನೇ ಹಿಡಿದರು. ಒಳಗೇನಿದೆ ಎಂದು ಕಾಣದ ಕೊಳವೆ. ಕೆಲವು ಸೂಜಿಗಳು ಚರ್ಮದೊಳಗೆ ಹೋಗುತ್ತವೆ, ಕೆಲವು ಚರ್ಮಕ್ಕೆ ತಾಗಿ ನಿಲ್ಲುತ್ತವೆ. ಚುಚ್ಚುವವನ ಬೆರಳಿಗೂ ವ್ಯತ್ಯಾಸ ತಿಳಿಯಬಾರದೆಂದು ಒಳಗೆ ಮೆತ್ತನೆಯ ತುಂಬುವಸ್ತು ಇಟ್ಟರು. ತಮ್ಮದೇ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಲು ತಾವೇ ಉಪಕರಣ ಮಾಡಿದವರ ಬಗ್ಗೆ ನನಗೆ ಗೌರವ ಬಂತು.

ಉತ್ತರಗಳು ಮಾತ್ರ ಜಾಹೀರಾತಿನಷ್ಟು ಖಚಿತವಾಗಿಲ್ಲ. ಜರ್ಮನಿಯಲ್ಲಿ ಸೊಂಟ ನೋವಿನ 1,162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ನಂತರ ಸರಿಯಾದ ಬಿಂದುಗಳಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಮಂದಿಗೆ ಗುಣ ಕಂಡಿತು. ಬೇಕಾಬಿಟ್ಟಿ ಜಾಗಗಳಲ್ಲಿ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಇದನ್ನು ಸೂಜಿಯ ಗೆಲುವೆಂದೂ ಓದಬಹುದು, ಬಿಂದುಗಳ ಸೋಲೆಂದೂ ಓದಬಹುದು. ನಾನು ಎರಡೂ ಎಂದು ಓದಿದೆ. ಕುತ್ತಿಗೆ ನೋವಿನ ವಿಷಯದಲ್ಲೂ ಪರಿಶೀಲನೆಗಳು ಸ್ವಲ್ಪ ಕಾಲದ ಮಟ್ಟಿಗೆ ಉಪಶಮನ ಸಿಗುತ್ತದೆ ಎಂಬಲ್ಲಿಗೆ ನಿಲ್ಲುತ್ತವೆ. ಕಲೆಗಳ ವಿಷಯದಲ್ಲಿ ಇರುವುದು ಹೆಚ್ಚಾಗಿ ಒಬ್ಬಿಬ್ಬರು ರೋಗಿಗಳ ವರದಿಗಳು. ತಲೆಗೆ ಬಿದ್ದ ಪೆಟ್ಟಿನ ಬಗ್ಗೆ 2013ರ ಕೊಕ್ರೇನ್ ಪರಿಶೀಲನೆ ಹೇಳಿದ್ದು ಇಷ್ಟೆ: ನಡೆದಿರುವ ಪ್ರಯೋಗಗಳು ಕೆಲವೇ ಕೆಲವು, ಗುಣಮಟ್ಟ ಕಡಿಮೆ, ಉಪಯೋಗವಿದೆ ಎನ್ನಲು ಆಧಾರ ಸಾಲದು.

ನನಗೆ ಹೆಚ್ಚು ಸಹಾಯವಾದದ್ದು ಇವಕ್ಕಿಂತಲೂ ಜಪಾನಿನ ಆರೋಗ್ಯ ವಿಮೆಯ ನಿಯಮ. ಸೂಜಿ ಚಿಕಿತ್ಸೆಗೆ ವಿಮೆ ದುಡ್ಡು ಕೊಡುವುದು ಮುಖ್ಯವಾಗಿ ಆರು ತೊಂದರೆಗಳಿಗೆ: ನರದ ನೋವು, ಸಂಧಿವಾತ, ಕತ್ತಿನಿಂದ ತೋಳಿಗೆ ಇಳಿಯುವ ನೋವು, ಹೆಗಲು ಹಿಡಿತ, ಸೊಂಟ ನೋವು, ಕತ್ತು ಉಳುಕಿದ ನಂತರ ಉಳಿಯುವ ನೋವು. ಅದೂ ಡಾಕ್ಟರ ಒಪ್ಪಿಗೆ ಪತ್ರ ಇದ್ದರೆ. ಆರರಲ್ಲಿ ಕತ್ತು ಎರಡು ಸಲ ಇದೆ. ಮಿದುಳಿನ ಪೆಟ್ಟು ಇಲ್ಲ. ಹೊಲಿಗೆ ಕಲೆ ಇಲ್ಲ. ಫಿಟ್ಸ್ ಇಲ್ಲ.

1947ರ ಆ ಕಾಯ್ದೆಯನ್ನು ನನ್ನ ಅರೆಬರೆ ಜಪಾನಿಯಲ್ಲಿ, ಸೆನ್ಸೇ ಪಕ್ಕದಲ್ಲಿ ಕೂತು ಓದಿದೆ. ಸೂಜಿ ಹಾಕುವವರು ಸೂಜಿಯನ್ನೂ ಕೈಯನ್ನೂ ಚರ್ಮವನ್ನೂ ಸೋಂಕು ಇಲ್ಲದಂತೆ ಮಾಡಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಔಷಧ ಕೊಡುವಂತಿಲ್ಲ, ಔಷಧದ ಬಗ್ಗೆ ಸೂಚನೆಯನ್ನೂ ಕೊಡುವಂತಿಲ್ಲ. ಫಿಟ್ಸ್ ಮಾತ್ರೆ ನಿಲ್ಲಿಸಬಹುದು ಎಂದು ಫೋನಿನಲ್ಲಿ ಹೇಳಿದವರು ಜಪಾನಿನ ಸೂರ್ಯನನ್ನು ಹಾಕಿಕೊಂಡಿದ್ದರಲ್ಲ, ಆ ಸೂರ್ಯನ ನಾಡಿನಲ್ಲಿ ಹಾಗೆ ಹೇಳುವ ಅಧಿಕಾರವೇ ಅವರಿಗಿರುತ್ತಿರಲಿಲ್ಲ.

ಅದಕ್ಕಿಂತ ಆಶ್ಚರ್ಯವೆಂದರೆ ಜಾಹೀರಾತಿನ ಕಲಮು. ಚಿಕಿತ್ಸಕರ ಹೆಸರು, ವಿಳಾಸ, ಯಾವ ಲೈಸೆನ್ಸ್, ಕೆಲಸದ ವೇಳೆ, ಇಂಥವನ್ನು ಮಾತ್ರ ಹಾಕಬಹುದು. ಯಾವ ಯಾವ ಕಾಯಿಲೆಗೆ ಎಂಬ ಪಟ್ಟಿ ಹಾಕುವಂತಿಲ್ಲ. ಸೊಪ್ಪಿನ ಕಾವು ಕೊಡುವ ಒಬ್ಬ ಚಿಕಿತ್ಸಕ ಕಾಯಿಲೆಗಳ ಪಟ್ಟಿ ಅಚ್ಚು ಹಾಕಿಸಿ ಕರಪತ್ರ ಹಂಚಿ ಸಿಕ್ಕಿಬಿದ್ದು, ಇದು ನನ್ನ ಮಾತಿನ ಸ್ವಾತಂತ್ರ್ಯ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದ. 1961ರ ಫೆಬ್ರುವರಿಯಲ್ಲಿ ಕೋರ್ಟು ಅವನ ವಾದವನ್ನು ಒಪ್ಪಲಿಲ್ಲ. ಇಂಥ ಜಾಹೀರಾತು ಉತ್ಪ್ರೇಕ್ಷೆಗೆ ದಾರಿ ಮಾಡಿ, ಜನ ಸರಿಯಾದ ಸಮಯಕ್ಕೆ ಸರಿಯಾದ ಚಿಕಿತ್ಸೆ ಪಡೆಯುವ ಅವಕಾಶ ಕಳೆದುಕೊಳ್ಳಬಹುದು ಎಂಬುದು ಕೋರ್ಟಿನ ಕಾರಣ. (ನಮ್ಮಲ್ಲೂ ಆಕ್ಷೇಪಾರ್ಹ ಔಷಧ ಜಾಹೀರಾತುಗಳ ಬಗ್ಗೆ 1954ರ ಕಾಯ್ದೆ ಇದೆ, ಅದರ ಪಟ್ಟಿಯಲ್ಲಿ ಮೂರ್ಛೆರೋಗವೂ ಇದೆ. ವಾಟ್ಸ್ಆ್ಯಪಿಗೆ ಅದು ಗೊತ್ತಿದ್ದಂತಿಲ್ಲ.) ಆ ವಿದ್ಯೆಯನ್ನು ನೂರಾರು ವರ್ಷ ಸಾಕಿದ ದೇಶವೇ ಅದಕ್ಕೆ ಇಷ್ಟು ಬಿಗಿಯಾದ ಬೇಲಿ ಹಾಕಿದೆ. ಬೇಲಿ ಬಿಟ್ಟು ಸೂಜಿಯನ್ನಷ್ಟೇ ತಂದರೆ ಅದನ್ನು ಜಪಾನಿ ಶೈಲಿ ಎನ್ನುವುದು ಹೇಗೆ?

ಸೂಜಿ ತೆಳುವಾದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ಕತ್ತಿನ ಬುಡದಲ್ಲಿ, ಹೆಗಲ ಮೇಲೆ ಆಳವಾಗಿ ಹೋದರೆ ಶ್ವಾಸಕೋಶದ ಪೊರೆಗೆ ತೂತು ಬಿದ್ದು ಗಾಳಿ ಸೇರಿಕೊಂಡ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಹಿಂದೆ ಜಪಾನಿನಲ್ಲಿ ಚಿನ್ನದ ಸೂಜಿಯನ್ನು ಚರ್ಮದೊಳಗೇ ಮುರಿದು ಬಿಡುವ ಒಂದು ರೂಢಿಯಿತ್ತು; ಅಂಥ ತುಂಡುಗಳು ವರ್ಷಗಳ ನಂತರ ಜರುಗಿ ಬೆನ್ನುಹುರಿಯವರೆಗೆ ಹೋದದ್ದೂ ಉಂಟು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ದಸರಾ ರಜೆಯಲ್ಲಿ ತಿಪಟೂರಿಗೆ ಹೋದೆ. ದೊಡ್ಡಪ್ಪ ಅಂಗಳದಲ್ಲಿ ಕೊಬ್ಬರಿ ಆರಿಸುತ್ತಿದ್ದರು. ಎಪಿಎಂಸಿ ಹರಾಜಿಗೆ ಹಾಕಿ ಬಂದ ದುಡ್ಡನ್ನು ಇದಕ್ಕೇ ಇಡಬೇಕೆಂದಿದ್ದರು. ನಾನು ಪಿಪಿಟಿ ತೋರಿಸುವವಳಂತೆ ಶುರು ಮಾಡಿದೆ. ಐದು ನಿಮಿಷ ಕೇಳಿ ಅವರು, 'ಅದೆಲ್ಲ ಇರ್ಲಿ ಮಗ. ಒಂದೊಂದೇ ಹೇಳು. ಕತ್ತಿಗೆ?' ಎಂದರು.

'ಕತ್ತಿಗೆ ಸ್ವಲ್ಪ ಆರಾಮ ಆಗಬಹುದು ದೊಡ್ಡಪ್ಪ. ಡಾಕ್ಟ್ರು ಬೇಡ ಅಂದ್ರೆ ಅದೂ ಬೇಡ.'

'ಕಲೆಗೆ?'

'ಗೊತ್ತಿಲ್ಲ. ಹೊಟ್ಟೇದು ಎಳೀತಾ ಇದ್ರೆ ನೋಡಬಹುದು. ತಲೇದನ್ನ ಯಾರೂ ಮುಟ್ಟಬಾರದು, ಒಳಗೆ ಪ್ಲೇಟ್ ಇದೆ.'

ಮೂರನೆಯದನ್ನು ಅವರು ಕೇಳಲಿಲ್ಲ. ಕೊಬ್ಬರಿ ಗಿಟುಕೊಂದನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾತು ವಾಪಸ್ ಬರೋದಕ್ಕೆ ಸೂಜಿಯಿಂದ ಆಗುತ್ತೆ ಅಂತ ಎಲ್ಲೂ ಸಿಗಲಿಲ್ಲ. ಮಾತ್ರೆ ಮಾತ್ರ ನಿಲ್ಲಿಸಬೇಡಿ' ಎಂದೆ. ಆ ಹೊತ್ತಿನಲ್ಲಿ ಅವರ ಮುಖ ನೋಡುವುದು ಕಷ್ಟವಾಯಿತು. ನಿಜ ಹುಡುಕಿ ಹೇಳು ಎಂದವರಿಗೆ ನಿಜ ಹೇಳುವುದು ವೈವಾದಲ್ಲಿ ಉತ್ತರ ಹೇಳಿದಂತಲ್ಲ.

ಮುಂದಿನ ವಾರದ ರಿವ್ಯೂಗೆ ನಾನೂ ಜೊತೆಗೆ ಹೋದೆ. ಜಾಹೀರಾತು ತೋರಿಸಿದರೆ ಡಾಕ್ಟರು ಬಯ್ಯುತ್ತಾರೆಂದು ದೊಡ್ಡಪ್ಪನಿಗೆ ಭಯ. ಅವರು ಬಯ್ಯಲಿಲ್ಲ. ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ, ಮೂಳೆ ಕೂರಿಸಿದ ಜಾಗದಲ್ಲಿ ಚರ್ಮ ತೆಳು, ಅಲ್ಲಿ ಸೂಜಿಯಿಂದ ಸೋಂಕಾದರೆ ಮತ್ತೆ ಆಪರೇಷನ್ನು ಎಂದರು. ಕತ್ತಿಗೆ ಮೊದಲು ಫಿಸಿಯೊಥೆರಪಿ. ಮೂರು ತಿಂಗಳು ಮಾಡಿಯೂ ನೋವಿದ್ದರೆ ಆಗ ಬೇಕಿದ್ದರೆ ಸೂಜಿಯ ಬಗ್ಗೆ ಕೇಳಿ, ಲೈಸೆನ್ಸ್ ಇರುವವರ ಹೆಸರು ನಾನೇ ಹೇಳುತ್ತೇನೆ ಎಂದರು. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ವಾಂತಿಯ ಜೊತೆ ತಲೆನೋವು ಬಂದರೆ ಎಲ್ಲಿಗೂ ಹೋಗದೆ ನೇರ ಆಸ್ಪತ್ರೆಗೆ ಬನ್ನಿ ಎಂದೂ ಹೇಳಿದರು. ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಟ್ಟರು. ಎಂಟು ತಿಂಗಳಲ್ಲಿ ಸ್ಪೀಚ್ ಥೆರಪಿ ಎಂಬುದೊಂದಿದೆ ಎಂದು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಈಗ ವಾರಕ್ಕೊಮ್ಮೆ ದೊಡ್ಡಪ್ಪ ಮತ್ತು ಅಣ್ಣ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೊರಡುತ್ತಾರೆ. ಮನೆಯಲ್ಲಿ ಮಾಡಿಸಬೇಕಾದ ಪಾಠದ ಮೊದಲ ನಿಯಮ ಇದು: ಅವನು ಪದಕ್ಕೆ ತಡಕಾಡುವಾಗ ನಾವು ಮುಂದೆ ಬಿದ್ದು ಹೇಳಿಕೊಡಬಾರದು, ಕಾಯಬೇಕು. ದೊಡ್ಡಮ್ಮನಿಗೆ ಇದು ಬಹಳ ಕಷ್ಟ.

ಸೆನ್ಸೇ ನೆನಪಿಗೆಂದು ಇಟ್ಟುಕೊಂಡಿದ್ದ ಒಂದು ಖಾಲಿ ಕೊಳವೆಯನ್ನು ನನಗೆ ಕೊಟ್ಟಿದ್ದರು, ಸೂಜಿ ಇಲ್ಲದ್ದು. ದೀಪಾವಳಿಗೆ ಹೋದಾಗ ಅಣ್ಣನಿಗೆ ತೋರಿಸಿದೆ. ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸಣ್ಣ, ಪಾರದರ್ಶಕ. ಅವನು ಅದನ್ನು ಕಣ್ಣಿಗೆ ಹಿಡಿದು ನೋಡಿದ, ತುಟಿಗಿಟ್ಟು ಊದಿದ. 'ಇದು... ಅದು... ಒಲೆ...' ಎಂದ. ದೊಡ್ಡಮ್ಮ ಬಾಯಿ ತೆರೆದರು, ದೊಡ್ಡಪ್ಪ ಅವರ ಕೈ ಹಿಡಿದು ಸುಮ್ಮನಿರಿಸಿದರು. ಅರ್ಧ ನಿಮಿಷ ಆಗಿರಬೇಕು.

'ಊದ್ಗೊಳವೆ' ಎಂದ ಅಣ್ಣ.

'ಇಷ್ಟು ಸಣ್ಣ ಊದ್ಗೊಳವೆಲಿ ಯಾರ ಮನೆ ಒಲೆ ಉರಿಯುತ್ತೋ' ಎಂದು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು.